ಅಮ್ಮಣ್ಣಿಯ ಮೆನು ಪಟ್ಟಿ ಮತ್ತು ಚಪ್ಪಲಿ ಕಾಯುವ ಜವರ

"ಕೇಳ್ರಪ್ಪೋ ಕೇಳಿ! ರತ್ನಗಿರಿಯ ರಾಜಕುಮಾರಿ ಅಮ್ಮಣ್ಣಿ ಚಂಪಕಾವತಿಯವರ ಲಿನಕ್ಸ್ ಲ್ಯಾಪ್‌ಟಾಪಿನಲ್ಲಿ ಮೆನು ಪಟ್ಟಿ ಕಾಣೆಯಾಗಿದೆ! ಅಮ್ಮಣ್ಣಿಯವರು ಮೂರು ಒಗಟು ಕೇಳುತ್ತಾರೆ. ಬಿಡಿಸಿ ಪಟ್ಟಿ ತರಿಸಿದವರಿಗೆ ಕೇಳಿದ್ದು ಸಿಗುತ್ತದೆ. ತಪ್ಪಿದವರ ತಲೆ ಶುಕ್ರವಾರ ಸಂಜೆ ಉರುಳುತ್ತದೆ!"

ಡಂಗುರ ಕೇಳಿ ಊರಿನವರು ಮೊದಲು ನಕ್ಕರು. ಆದರೆ ರಾಜ್ಯದ ಅಹವಾಲುಗಳೆಲ್ಲ ಇತ್ಯರ್ಥವಾಗುತ್ತಿದ್ದುದು ಆ ಲ್ಯಾಪ್‌ಟಾಪಿನಲ್ಲೇ. ಯಾವ ಕಿಟಕಿ ತೆರೆದರೂ ಅದರ ಫೈಲು, ಎಡಿಟ್ಟುಗಳೆಲ್ಲ ಪರದೆಯ ನೆತ್ತಿಯ ಒಂದೇ ಪಟ್ಟಿಯಲ್ಲಿ ಬರುವಂತೆ ಅಮ್ಮಣ್ಣಿ ಮಾಡಿಸಿಕೊಂಡಿದ್ದಳು. ಲಿನಕ್ಸಿನ ಹೊಸ ಆವೃತ್ತಿ ಹಾಕಿದ ದಿನದಿಂದ ಅಹವಾಲು ಬರೆಯಲು ಕೂತರೆ ಆ ಪಟ್ಟಿ ಖಾಲಿ. ಮಗಳಿಗೆ ಒಗಟಿನ ಹುಚ್ಚು, ಅಪ್ಪನಿಗೆ ಸಿಟ್ಟಿನ ಹುಚ್ಚು. ಹಾಗಾಗಿ ಒಗಟು ಮಗಳದ್ದಾಯಿತು, ತಲೆಯ ಷರತ್ತು ಮಹಾರಾಜನದ್ದಾಯಿತು.

ಮೊದಲು ಬಂದವನು ಆಸ್ಥಾನದ ಗಣಕ ಪಂಡಿತ. ಪಟ್ಟಿಯ ಬಣ್ಣ ಅಶುಭ, ಥೀಮ್ ಬದಲಿಸಬೇಕು ಎಂದ. ಬದಲಿಸಿದರು, ಖಾಲಿ ಪಟ್ಟಿ ನೀಲಿಯಾಯಿತು, ಅಷ್ಟೇ. ಎರಡನೆಯವನು ರೇಷ್ಮೆ ವ್ಯಾಪಾರಿಯ ಮಗ. ಯಂತ್ರವೇ ಸರಿಯಿಲ್ಲ, ಹೊಸದು ಕೊಳ್ಳಿ ಎಂದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಮೂರನೆಯವನು ಪುಟ್ಟಮಾದು. ಒಗಟು ಮುಗಿಯುವ ಮುಂಚೆಯೇ ಎದ್ದುನಿಂತು, "ಫಾರ್ಮ್ಯಾಟ್ ಮಾಡಿ!" ಎಂದು ಅಬ್ಬರಿಸಿದ. ಇದ್ದಬದ್ದ ಅಹವಾಲೆಲ್ಲ ಅಳಿಸಿಹಾಕಬೇಕೇ ಎಂದು ಮಹಾರಾಜ ಕೆಂಡವಾದ. ಬಾಯಿಬಿಟ್ಟರೆ ಬಣ್ಣಗೇಡು ಅನ್ನುತ್ತಾರಲ್ಲ, ಅದು ಇಂಥವನನ್ನು ನೋಡಿಯೇ ಇರಬೇಕು. ಮೂವರನ್ನೂ ದರ್ಬಾರಿನ ಮೂಲೆಯ ಕಂಬಿಯ ಹಿಂದೆ ಕೂಡಿಹಾಕಿದರು.

ಪುಟ್ಟಮಾದುವಿನ ಹೆಂಡತಿ ಚಿಕ್ಕತಾಯಿ ಅಳುತ್ತ ತಮ್ಮನ ಹತ್ತಿರ ಓಡಿದಳು. ತಮ್ಮ ಜವರ ಅರಮನೆಯ ಬಾಗಿಲಲ್ಲಿ ಚಪ್ಪಲಿ ಕಾಯುವವನು. ಬಂದವರ ಚಪ್ಪಲಿ ಇಸಿದುಕೊಂಡು ತಗಡಿನ ಬಿಲ್ಲೆ ಕೊಡುವುದು ಅವನ ಕೆಲಸ. ಅರಮನೆಯವರು ಗುಜರಿಗೆ ಎಸೆದ ಹಳೇ ಲ್ಯಾಪ್‌ಟಾಪೊಂದು ಅವನ ಬಳಿಯಿತ್ತು. ಲಿನಕ್ಸ್ ಬಿಟ್ಟರೆ ಅದರಲ್ಲಿ ಏನೂ ಓಡುತ್ತಿರಲಿಲ್ಲ. ಹತ್ತು ಸಲ ಕೆಡಿಸಿ, ಹನ್ನೊಂದನೆಯ ಸಲ ಸರಿಮಾಡಿ, ಜವರ ಅಷ್ಟಿಷ್ಟು ಕಲಿತಿದ್ದ.

"ನಾಳೆ ಶುಕ್ರವಾರ ಕಣೋ. ನಿಮ್ ಭಾವನ್ನ ಉಳಿಸ್ಕೊಡೋ," ಎಂದಳು ಅಕ್ಕ.

"ಹೋಗ್ತೀನಿ ಕಣಕ್ಕ, ಅಳಬ್ಯಾಡ," ಎಂದ ಜವರ.

ಮರುದಿನ ಬರಿಗಾಲಲ್ಲಿ ದರ್ಬಾರಿಗೆ ಬಂದು ನಿಂತ. ಅಮ್ಮಣ್ಣಿ ಕೇಳಿದಳು: "ಕಿಟಕಿ ಹತ್ತು, ಬಾಯಿ ಒಂದು. ಬೆಳಿಗ್ಗೆ ನಾನು ಬಂದಾಗ ಆ ಬಾಯಿ ಮೌನ. ಅದು ಯಾರಿಗಾಗಿ ಕಾಯುತ್ತಿದೆ?"

ಜವರ ಪರದೆ ನೋಡಿ ಹಲ್ಲು ಕಿರಿದ. "ನಿಮಗೇ ಕಾಯ್ತದೆ ಅಮ್ಮಣ್ಣಿ. ನೀವು ಯಾವ ಕಿಟಕಿ ಮುಟ್ತೀರೋ ಅದರ ಮಾತನ್ನೇ ಅದು ಆಡೋದು. ಈಗ ನೀವು ಮುಟ್ಟಿರೋದು ಕಿಟಕಿಗಳ ಹಿಂದಿರೋ ಗಿಳಿ ಚಿತ್ರವ. ಗಿಳಿಗೆಲ್ಲಿ ಬಂತು ಫೈಲು ಎಡಿಟ್ಟು?"

ಅಮ್ಮಣ್ಣಿ ಕಡತಗಳ ಕಿಟಕಿಯ ಮೇಲೆ ಒತ್ತಿದಳು. ನೆತ್ತಿಯಲ್ಲಿ ಮೆನು ಮೂಡಿತು. ದರ್ಬಾರು ಹೋ ಎಂದಿತು. ಅಹವಾಲು ಬರೆಯುವ ಕಿಟಕಿಯ ಮೇಲೆ ಒತ್ತಿದಳು. ಪಟ್ಟಿ ಮತ್ತೆ ಖಾಲಿ.

"ಎರಡನೆಯದು ಕೇಳು. ಒಂದೇ ಸಭೆಯಲ್ಲಿ ಇಬ್ಬರಿದ್ದಾರೆ. ಒಬ್ಬನ ಮಾತು ನೆತ್ತಿಗೆ ತಲುಪುತ್ತದೆ, ಇನ್ನೊಬ್ಬನದು ತಲುಪುವುದಿಲ್ಲ. ಇಬ್ಬರಿಗೂ ನಾಲಿಗೆಯಿದೆ. ತಲುಪದವನಿಗೆ ಏನು ಕಮ್ಮಿ?"

"ದುಭಾಷಿ, ಅಮ್ಮಣ್ಣಿ. ಈ ಕಿಟಕಿಯ ಮನೆತನವೇ ಬೇರೆ, ಭಾಷೆಯೂ ಬೇರೆ. ನಡುವೆ ನಿಂತು ಹೇಳಕ್ಕೆ ಒಂದು ಪುಟ್ಟ ಮಾಡ್ಯೂಲ್ ಬೇಕು. ಹೊಸ ಆವೃತ್ತಿ ಹಾಕುವಾಗ ಅದು ಬಿಟ್ಟೋಗೈತೆ." ಹುಡುಕಿ ನೋಡಿದರೆ ಅದು ಇರಲಿಲ್ಲ. ಜವರ ಅದನ್ನು ಹಾಕಿ ಕೈಮುಗಿದು ನಿಂತ. ಎಲ್ಲರೂ ಪರದೆಯ ಕಡೆ ಬಾಗಿದರು.

ಪಟ್ಟಿ ಖಾಲಿಯೇ ಇತ್ತು.

"ಸೋತ!" ಎಂದು ಮಹಾರಾಜ ತೊಡೆ ತಟ್ಟಿದ. ತಲೆ ಕಡಿಯಲು ಕಾದು ಕೂತಿದ್ದ ಕಟುಕ ಮೈಮುರಿದು ಎದ್ದ. ಕಂಬಿಯ ಹಿಂದಿನಿಂದ ಪುಟ್ಟಮಾದು, "ಫಾರ್ಮ್ಯಾಟ್ ಮಾಡೋ ಜವರ!" ಎಂದು ಕೂಗಿದ.

"ಭಾವ, ನಿಮ್ ಕಾಲಿಗೆ ಬೀಳ್ತೀನಿ, ಸುಮ್ನಿರಿ!"

ಅಮ್ಮಣ್ಣಿಯ ಕಣ್ಣು ಮಾತ್ರ ಹೊಳೆಯಿತು. "ತಾಳಿ ಅಪ್ಪಾಜಿ. ಮೂರನೆಯ ಒಗಟು ಬೇರೆ ಇಟ್ಟುಕೊಂಡಿದ್ದೆ. ಅದಕ್ಕಿಂತ ಇದೇ ಚೆನ್ನಾಗಿದೆ. ಹೇಳು ಜವರ, ಆಡುವವನಿದ್ದಾನೆ, ಕೇಳುವವನಿದ್ದಾನೆ, ದುಭಾಷಿಯೂ ಬಂದು ಕೂತ. ಆದರೂ ಮಾತು ತಲುಪಲಿಲ್ಲ. ಯಾಕೆ?"

ಜವರ ಆ ಕಿಟಕಿಯ ಮೇಲೆ ಇನ್ನೊಮ್ಮೆ ಒತ್ತಿದ, ಪಟ್ಟಿ ಮೂಡಲಿಲ್ಲ. ಅಕ್ಕನ ಮುಖ ಕಣ್ಣಮುಂದೆ ಬಂತು. ತನ್ನ ತಲೆಯೂ ಹೋದರೆ ಅವಳಿಗೆ ಯಾರು ಗತಿ ಎಂದುಕೊಂಡ. ಬಾಗಿಲ ಕಡೆ ನೋಡಿದ. ಬೆಳಿಗ್ಗೆ ಅವನು ಬಾಗಿಲಲ್ಲಿ ಕೂರುವ ಮೊದಲೇ ಒಳಗೆ ಹೋಗಿದ್ದ ಯಾರೋ ಒಬ್ಬರು, ಈಗ ಹೊರಗೆ ನಿಂತು ತಮ್ಮ ಚಪ್ಪಲಿಗೆ ಬಿಲ್ಲೆ ಎಲ್ಲಿ ಎಂದು ಕಾವಲಿನವನ ಜೊತೆ ಜಗಳವಾಡುತ್ತಿದ್ದರು. ದಿನಾ ಇರುವ ಜಗಳವೇ.

"ಅಮ್ಮಣ್ಣಿ! ನಾನು ಬಾಗಿಲಲ್ಲಿ ಕೂರೋಕ್ ಮುಂಚೆ ಒಳಕ್ಕೆ ಹೋದವರಿಗೆ ಬಿಲ್ಲೆ ಎಲ್ಲಿಂದ ಬರ್ಬೇಕು? ಈ ಕಿಟಕಿ ತೆರೆದದ್ದು ಬೆಳಿಗ್ಗೆ, ದುಭಾಷಿ ಬಂದದ್ದು ಈಗ. ಎಲ್ಲಾರೂ ಒಂದ್ಸಲ ಹೊರಕ್ಕೆ ಹೋಗಿ ಮತ್ತೆ ಒಳಕ್ಕೆ ಬರ್ಬೇಕು. ಬರೆದಿರೋದು ಸೇವ್ ಮಾಡಿ, ಲಾಗ್ ಔಟ್ ಆಗಿ ಬನ್ನಿ."

"ಮೆನುವೇ ಇಲ್ಲದೆ ಸೇವ್ ಮಾಡುವುದು ಹೇಗೆ?"

"ಕಂಟ್ರೋಲ್ ಒತ್ತಿ ಎಸ್ ಒತ್ತಿ ತಾಯಿ, ಅದಕ್ಕೆ ಪಟ್ಟಿ ಬ್ಯಾಡ."

ಅಮ್ಮಣ್ಣಿ ಹಾಗೇ ಮಾಡಿದಳು. ಪರದೆ ಕಪ್ಪಾಯಿತು. ಗುಪ್ತಪದ ಕೊಟ್ಟು ಒಳಬಂದು ಅಹವಾಲಿನ ಕಿಟಕಿ ತೆರೆದಳು. ನೆತ್ತಿಯ ಮೇಲೆ ಫೈಲು, ಎಡಿಟ್ಟು, ವ್ಯೂ ಎಲ್ಲ ಸಾಲಾಗಿ ಬಂದು ನಿಂತವು. ಅಮ್ಮಣ್ಣಿ ಚಿಕ್ಕ ಹುಡುಗಿಯಂತೆ ಚಪ್ಪಾಳೆ ತಟ್ಟಿದಳು. ಮಹಾರಾಜ ತಾನೇ ಮೊದಲಿನಿಂದ ನಂಬಿದ್ದವನಂತೆ ಎಲ್ಲರನ್ನೂ ನೋಡಿ ನಕ್ಕ.

"ಕೇಳಪ್ಪ, ಏನು ಬೇಕು? ಊರೇ, ಉಂಬಳಿಯೇ?"

"ನಮ್ ಭಾವನ ತಲೆ ಬೇಕು ಬುದ್ಧಿ."

ದರ್ಬಾರು ದಂಗಾಯಿತು. ಪುಟ್ಟಮಾದು ಕಂಬಿ ಹಿಡಿದು ಕುಸಿದ.

"ಕುತ್ತಿಗೆ ಸಮೇತ, ಈಗ ಹೆಂಗೈತೋ ಹಂಗೇ. ಜೊತೆಗೆ ಆ ಇಬ್ಬರದ್ದೂ."

ಮಹಾರಾಜನಿಗೆ ನಗು ತಡೆಯಲಾಗಲಿಲ್ಲ. ಮೂವರನ್ನೂ ಬಿಡಿಸಿದ. ಅಮ್ಮಣ್ಣಿ ಜವರನನ್ನು ಅರಮನೆಯ ಯಂತ್ರಗಳಿಗೆಲ್ಲ ಮೇಲ್ವಿಚಾರಕನನ್ನಾಗಿ ಮಾಡಿದಳು. ಮೊದಲ ಅಪ್ಪಣೆ ಕೊಡುವವಳಂತೆ ಪಕ್ಕದ ಪೀಠ ತೋರಿಸಿ, "ಕೂತುಕೋ," ಎಂದಳು. ಆಮೇಲೆ ಅವರಿಬ್ಬರ ಮದುವೆಯೂ ಆಯಿತು ಎನ್ನುತ್ತಾರೆ, ಇರಬಹುದು.

ಅಂದು ಸಂಜೆ ತಲೆ ಉರುಳಬೇಕಿದ್ದ ಹೊತ್ತಿಗೆ ಪುಟ್ಟಮಾದು ಮನೆಯ ಹೊಸಿಲಲ್ಲಿ ನಿಂತಿದ್ದ. ಚಿಕ್ಕತಾಯಿ ಗಂಡನ ಕುತ್ತಿಗೆಯ ಸುತ್ತ ಎರಡೂ ಕೈಯಿಂದ ಮುಟ್ಟಿ ಮುಟ್ಟಿ ನೋಡಿದಳು. ಎಲ್ಲ ಸರಿಯಿದೆ ಎಂದು ಖಾತ್ರಿಯಾದ ಮೇಲೆ ಅದೇ ಕೈಯಿಂದ ಬೆನ್ನಿಗೊಂದು ಗುದ್ದಿ, ಅತ್ತಳು, ನಕ್ಕಳು, ಒಳಗೆ ಹೋಗಿ ತಮ್ಮನದೂ ಸೇರಿ ಊಟಕ್ಕೆ ಮೂರು ಎಲೆ ಹಾಕಿದಳು.