ನಾಯಿಯ ಮೂಗು ಒದ್ದೆಯಾದ ಬಗೆ

ಲೋಕ ಇನ್ನೂ ಹೊಸತಾಗಿದ್ದ ಕಾಲದಲ್ಲಿ ಯಾರಿಗೂ ಯಾರ ಮೇಲೂ ನಂಬಿಕೆ ಇರಲಿಲ್ಲ. ಯಾಕೆಂದರೆ ಯಾರಿಗೂ ಯಾರೂ ಹಳಬರಾಗಿರಲಿಲ್ಲ. ಮರ ತನ್ನ ನೆರಳನ್ನು ಕಂಡು, ಇದ್ಯಾರು ನನ್ನ ಕಾಲಿಗೆ ಅಂಟಿಕೊಂಡವರು ಎಂದು ಅನುಮಾನಪಡುತ್ತಿತ್ತು. ಹೊಳೆ ಪ್ರತಿ ತಿರುವಿನಲ್ಲೂ ಒಮ್ಮೆ ನಿಂತು, ಮುಂದೆ ಏನಿದೆಯೋ ಎಂದು ಇಣುಕಿ ನೋಡಿಯೇ ಹರಿಯುತ್ತಿತ್ತು.

ಆಗ ನಾಯಿಯ ಮೂಗು ಒಣಗಿತ್ತು. ಹುಣಸೆ ಬೀಜದಷ್ಟು ಒಣಗಿತ್ತು.

ಆ ಕಾಲದಲ್ಲಿ ಬೀರವ್ವ ಎಂಬ ಮುದುಕಿ ಕುರಿ ಕಾಯುತ್ತಿದ್ದಳು. ಅವಳ ಜೊತೆ ಕೆಂಚ ಎಂಬ ನಾಯಿ. ಅವನಿಗೂ ವಯಸ್ಸಾಗಿತ್ತು. ಮಳೆ ಮುಗಿದ ಮೇಲೆ ಇಬ್ಬರೂ ಕುರಿಗಳನ್ನು ಹೊಡೆದುಕೊಂಡು ಬಯಲಿನಿಂದ ಬಯಲಿಗೆ ತಿಂಗಳುಗಟ್ಟಲೆ ನಡೆಯುತ್ತಿದ್ದರು. ದಾರಿಯ ಊಟಕ್ಕೆ ಜೋಳದ ರೊಟ್ಟಿ. ಅದನ್ನು ಸುಟ್ಟು, ಬಿಸಿಲಿಗೆ ಒಣಗಿಸಿ, ಬಟ್ಟೆಯಲ್ಲಿ ಕಟ್ಟಿ ಕತ್ತೆಯ ಮೇಲೆ ಹೇರಿರುತ್ತಿದ್ದರು. ಮುರಿದರೆ ಕಟಕ್ ಎನ್ನಬೇಕು, ಅಷ್ಟು ಗಟ್ಟಿ. ನಾನು ಹುಟ್ಟಿದ ಕಡೆ ಈಗಲೂ ಅಂಥ ರೊಟ್ಟಿ ಮಾಡುತ್ತಾರೆ, ಮಗಾ. ಈ ಸಮುದ್ರದ ಊರಿನಲ್ಲಿ ಮಾಡಿಟ್ಟರೆ ಎರಡೇ ದಿನಕ್ಕೆ ಮೆತ್ತಗಾಗಿಬಿಡುತ್ತದೆ.

ದಿನಾ ಮಧ್ಯಾಹ್ನ ಬೀರವ್ವ ಒಂದು ರೊಟ್ಟಿ ತೆಗೆದು ಕಟಕ್ ಎಂದು ಮುರಿಯುತ್ತಿದ್ದಳು. ಅರ್ಧ ಅವಳಿಗೆ, ಅರ್ಧ ಕೆಂಚನಿಗೆ. ಎದುರೆದುರು ಕೂತು ತಿನ್ನುವುದು ಕುರಿ ಕಾಯುವವರ ಪದ್ಧತಿ.

ಆದರೆ ಆ ವರ್ಷ ಕೆಂಚ ತನ್ನ ಅರ್ಧವನ್ನು ಕಚ್ಚಿಕೊಂಡು ಜಾಲಿ ಪೊದೆಯ ಹಿಂದೆ ಹೋಗತೊಡಗಿದ. ಬೀರವ್ವ ತನ್ನ ಅರ್ಧವನ್ನು ಹಿಡಿದುಕೊಂಡು ಕಂಬಳಿ ಮರೆಗೆ ಹೋಗತೊಡಗಿದಳು.

ಗಾಳಿ ಇದನ್ನು ನೋಡಿತು. ಗಾಳಿಗೆ ಬೇರೆ ಕೆಲಸವೇನಿದೆ?

ಮೊದಲು ಬೀರವ್ವನ ಕಿವಿಗೆ ಬಂತು. "ಬೀರವ್ವಾ, ನಿನ್ನ ನಾಯಿ ಪೊದಿ ಹಿಂದ ಯಾರಿಗೋ ರೊಟ್ಟಿ ಇಡ್ತಾನ. ನಾ ಹೇಳೀನಂತ ಹೇಳಬ್ಯಾಡ."

ಆಮೇಲೆ ಕೆಂಚನ ಕಿವಿಗೆ ಹೋಯಿತು. "ಕೆಂಚಾ, ನಿಮ್ಮವ್ವ ಕಂಬಳಿ ಹಿಂದ ಗಡಿಗ್ಯಾಗ ಏನೋ ಕಲಸ್ತಾಳ. ನಿನಗಽ ಇರಬೇಕು. ನಾ ಹೇಳೀನಂತ ಹೇಳಬ್ಯಾಡ."

ಅಂದಿನಿಂದ ಬೀರವ್ವ ಒಂದು ಕಣ್ಣು ಕುರಿಯ ಮೇಲೆ, ಒಂದು ಕಣ್ಣು ನಾಯಿಯ ಮೇಲೆ ಇಟ್ಟಳು. ಕೆಂಚ ಒಂದು ಕಿವಿ ಕುರಿಯ ಕಡೆ, ಒಂದು ಕಿವಿ ಗಡಿಗೆಯ ಕಡೆ ಇಟ್ಟ. ಕುರಿಗಳಿಗೂ ಅನುಮಾನ ಹತ್ತಿತು. ಆದರೆ ಯಾರ ಮೇಲೆ ಎಂದು ಅವಕ್ಕೆ ತಿಳಿಯಲಿಲ್ಲ.

ಐದನೆಯ ದಿನ ಹೊಳೆಯ ದಂಡೆ ಬಂತು. ಊಟ ಮುಗಿಸಿ ಹೊಳೆ ದಾಟಬೇಕು. ಬೀರವ್ವ ಮೆಲ್ಲನೆ ಪೊದೆಯ ಹಿಂದೆ ಹೋಗಿ ಕೋಲಿನಿಂದ ಮಣ್ಣು ಕೆದಕಿದಳು. ಅಂದಿನ ಅರ್ಧ ರೊಟ್ಟಿ ಅಲ್ಲಿತ್ತು. ಪಕ್ಕದಲ್ಲೇ ತೋಳದ ಹೆಜ್ಜೆ.

ಅವಳು ಕೋಲನ್ನು ನೆಲಕ್ಕೆ ಕುಟ್ಟಿದಳು.

"ಕೆಂಚಾ, ಬಾ ಇಲ್ಲಿ," ಎಂದಳು. "ತೋಳಕ್ಕ ರೊಟ್ಟಿ ಹಾಕಿ ಸಾಕ್ತೀಯೇನು? ಕುರಿ ಕಾಯೋ ನಾಯಿ ನೀನು. ನಾವು ಹೊಳಿ ದಾಟ್ತೀವಿ. ನೀ ಇಲ್ಲೇ ಇರು, ನಿನ್ನ ಬೀಗರ ಜೋಡಿ."

ಕೆಂಚನ ಪಕ್ಕೆಲುಬು ಎಣಿಸುವಂತಿದ್ದವು. ಹಿಂದೆ ಉಳಿದರೆ ಅವನು ಎರಡು ದಿನವೂ ಬದುಕುವ ಹಾಗಿರಲಿಲ್ಲ. ಆದರೂ ಅವನು ಬಾಲ ಆಡಿಸಲಿಲ್ಲ.

"ನನ್ನ ಬಿಟ್ಟು ಹೋಗೋದು ನೀ ಎಂದೋ ನಿಶ್ಚಯ ಮಾಡಿದ್ದಿ," ಎಂದ. "ಅದಕ್ಕಽ ಗಡಿಗ್ಯಾಗ ಏನೋ ಕಲಸ್ತಿದ್ದಿ. ತಿಂದು ನಾ ಮಲಗಬೇಕು, ನೀ ದಾಟಬೇಕು."

"ಗಡಿಗಿ ವಿಷಯ ನಿನಗ್ಯಾರು ಹೇಳಿದರು?"

"ನಿನಗ ಪೊದಿ ವಿಷಯ ಯಾರು ಹೇಳಿದರು?"

ಗಾಳಿ ಮೆಲ್ಲಗೆ ಆಚೆ ದಂಡೆಗೆ ಸರಿಯಿತು.

ಕೆಂಚ ನೇರ ಕಂಬಳಿಯ ಮರೆಗೆ ನಡೆದ. ಗಡಿಗೆ ಅಲ್ಲೇ ಇತ್ತು. ಅವನು ನಾಲ್ಕು ಹೆಜ್ಜೆ ದೂರ ನಿಂತು ಅದರೊಳಗಿನ ನೀರನ್ನು ಕೇಳಿದ. "ನೀರೇ, ನಿನ್ನೊಳಗೆ ಏನೈತಿ?"

"ಹತ್ತಿರ ಬಂದು ನೋಡು," ಎಂದಿತು ನೀರು.

"ಇಲ್ಲಿಂದನಽ ಕೇಳ್ತೀನಿ. ಹೇಳು."

"ಹೇಳಿದರ ನಂಬ್ತೀಯೇನು?"

"ಇಲ್ಲ."

"ಮತ್ತ ನನ್ನ ಬಾಯಿ ಯಾಕ ನೋಯಿಸ್ತಿ? ಮೂಗು ಇಡು."

ಕೆಂಚ ಒಂದು ಹೆಜ್ಜೆ ಇಟ್ಟು ಬೀರವ್ವನ ಮುಖ ನೋಡಿದ. ಇನ್ನೊಂದು ಹೆಜ್ಜೆ ಇಟ್ಟು ಮತ್ತೆ ನೋಡಿದ. ಕೊನೆಗೆ ಹುಣಸೆ ಬೀಜದಂಥ ಆ ಒಣ ಮೂಗನ್ನು ನೀರಿಗೆ ಇಟ್ಟ. ನೀರು ಸುಡುತ್ತಿರಲಿಲ್ಲ, ತಣ್ಣಗೂ ಇರಲಿಲ್ಲ. ಆಗ ತಾನೇ ಕರೆದ ಹಾಲಿನಷ್ಟು ಬೆಚ್ಚಗಿತ್ತು. ಒಳಗೆ ಮದ್ದಿಲ್ಲ, ಮಾಟವಿಲ್ಲ. ಅರ್ಧ ರೊಟ್ಟಿ ನೆನೆದು ಬೆಣ್ಣೆಯ ಹಾಗೆ ಮೆತ್ತಗಾಗಿತ್ತು. ಅದರ ವಾಸನೆಗೆ ಕೆಂಚನ ಬಾಯಲ್ಲಿ ನೀರೂರಿತು.

"ರೊಟ್ಟಿ ನೆನೆಸಿ ಯಾರು ತಿಂತಾರ?" ಎಂದ ಕೆಂಚ.

ಬೀರವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಆಮೇಲೆ ಸೆರಗು ತೆಗೆದು ಬಾಯಿ ತೆರೆದಳು. ಒಳಗೆ ಎರಡೇ ಹಲ್ಲು.

"ಅಗಿಯಾಕ ಆಗದವರು ಕುರಿ ಹಿಂದ ನಡಿಯಾಕೂ ಆಗದವರು ಅಂತಾರ ನಮ್ಮ ಮಂದಿ. ಮನ್ಯಾಗ ಕೂಡಸ್ತಾರ," ಎಂದಳು. "ಅದಕ್ಕ ಮರ್‍ಯಾಗ ನೆನಸ್ತಿದ್ದೆ. ಮೊದಲ ದಿನ ಕುದಿಯೋ ನೀರು ಹಾಕಿ ನಾಲಿಗಿ ಸುಟ್ಟುಕೊಂಡೆ. ಆಮ್ಯಾಲ ಮಧ್ಯಾಹ್ನ ನೆನಸಿ ಮರುದಿನ ಮುಂಜಾನೆ ತಿಂದೆ, ಹುಳಿ ಬಂದಿತ್ತು. ಈಗ ಕುರಿ ನೀರು ಕುಡಿದು ಬರೂತನ ನೆನಸ್ತೀನಿ. ಅಷ್ಟು ಸಾಕು."

ಕೆಂಚ ತಾನೂ ಬಾಯಿ ತೆರೆದು ತೋರಿಸಿದ. ಮೂರು ಹಲ್ಲು.

"ಅಗಿಯಾಕ ಬರವಲ್ದು. ನಿನಗ ಗೊತ್ತಾದರ ಬಿಟ್ಟು ಹೋಗ್ತಿ ಅಂತ ಹೂಳ್ತಿದ್ದೆ," ಎಂದ.

"ಮತ್ತ ಆ ತೋಳ?"

"ಬಂದಿತ್ತು. ಅಗೆದು ತೆಗೆದು ಕಚ್ಚಿ ನೋಡಿ, ಮತ್ತ ಅಲ್ಲೇ ಹೂಳಿತು. ನಿನ್ನ ರೊಟ್ಟಿಗೆ ಬೈಕೋತ ಹೋತು."

ಬೀರವ್ವ ನಗಲಿಲ್ಲ. ನಗು ಬಂದಿತ್ತು, ನುಂಗಿದಳು. ಪೊದೆಯ ಹಿಂದಿನ ಅರ್ಧ ರೊಟ್ಟಿ ತಂದು, ಮಣ್ಣು ಕೊಡವಿ, ಪುಡಿ ಮಾಡಿ ಗಡಿಗೆಗೆ ಹಾಕಿದಳು. ಕುರಿಗಳು ಹೊಳೆಗೆ ಹೋಗಿ ನೀರು ಕುಡಿದು ಬರುವವರೆಗೆ ಇಬ್ಬರೂ ಕಾದರು. ಆಮೇಲೆ ಅವಳು ಗಡಿಗೆಯನ್ನು ಅವನ ಮುಂದೆ ಸರಿಸಿದಳು.

ಕೆಂಚ ತಿನ್ನಲಿಲ್ಲ. "ಮೊದಲು ನೀ ತಿನ್ನು."

ಅವಳು ಒಂದು ತುತ್ತು ತಿಂದಳು.

"ಆ ಕಡೀದಲ್ಲ. ಈ ಕಡೀದು."

"ನಿನ್ನ ಅನುಮಾನಕ್ಕ ಬೆಂಕಿ ಹಚ್ಚ," ಎನ್ನುತ್ತ ಅವಳು ಗಡಿಗೆ ತಿರುಗಿಸಿ ಈ ಕಡೆಯದನ್ನೂ ತಿಂದಳು. ಆಗ ಕೆಂಚ ತಿಂದ. ಐದು ದಿನದ ಹಸಿವು, ಗಡಿಗೆಯ ತಳ ಕಾಣುವವರೆಗೆ ತಿಂದ. ಎದುರೆದುರು ಕೂತೇ ತಿಂದರು.

ತಲೆ ಎತ್ತಿದಾಗ ಮೂಗಿನ ತುದಿಯಲ್ಲಿ ಒಂದು ಹನಿ ಉಳಿದಿತ್ತು. ಒರೆಸಿಕೊಳ್ಳಲು ನಾಲಿಗೆ ಚಾಚಿದ. ಹನಿ ಹೋಗಲಿಲ್ಲ.

"ನಾ ಇಲ್ಲೇ ಇರ್ತೀನಿ," ಎಂದಿತು ಹನಿ. "ನಿನ್ನ ಅನುಮಾನ ಹೋಗೂದಲ್ಲ, ನನಗ ಗೊತ್ತು. ಆದರ ಇನ್ನು ಮ್ಯಾಲ ಗಾಳಿನ್ನ ಕೇಳಬ್ಯಾಡ. ನನ್ನ ಮುಟ್ಟಿಸಿ ನೋಡು."

ಅಂದು ಮಧ್ಯಾಹ್ನ ಅವರೆಲ್ಲ ಹೊಳೆ ದಾಟಿದರು. ಮುಂದೆ ಕುರಿ, ಹಿಂದೆ ಮುದುಕಿ, ಅವಳ ಕಾಲಿಗೆ ಒರಗಿಕೊಂಡು ಕೆಂಚ. ಗಾಳಿ ಏನೋ ಹೇಳಲು ಬಂತು. ಇಬ್ಬರೂ ಕೇಳಿಸಿಕೊಳ್ಳಲಿಲ್ಲ.

ಅದಕ್ಕೇ ಮಗಾ, ನಮ್ಮ ಮುದಿ ನಾಯಿ ಚಂದ್ರ್ಯಾನ ಅಂಗಡಿ ತಿಂಡಿಯ ಒಣ ಕಾಳಿನ ಮೇಲೆ ನೀನು ಬೆಚ್ಚನೆಯ ನೀರು ಸುರಿದು ಬಟ್ಟಲು ಇಟ್ಟಾಗ, ಅವನು ಮೊದಲು ನಿನ್ನ ಮುಖ ನೋಡುತ್ತಾನೆ, ಆಮೇಲೆ ಆ ಒದ್ದೆ ಮೂಗನ್ನು ನಿನ್ನ ಅಂಗೈಗೆ ಒತ್ತಿ ವಿಚಾರಿಸುತ್ತಾನೆ, ಅದಾದ ಮೇಲೆಯೇ ಬಟ್ಟಲಿಗೆ ಬಾಯಿ ಹಾಕುತ್ತಾನೆ.