ಗೆದ್ದಲು ತಿಂದ ಗುಳಿ

ಕಿವಿ ಇತ್ತ ಕೊಡ್ರಿ, ಬಾಯಿ ಮುಚ್ಚಿಡ್ರಿ. ನಿಂಗಿಗೊಬ್ಬಳು ಅಜ್ಜಿ. ಅಜ್ಜಿಗೆ ಕಣ್ಣು ಕಾಣದು. ಬೆರಳಿಗೆ ಎಲ್ಲ ಕಾಣುತ್ತದೆ. ಅಜ್ಜಿಗೊಂದು ಅಳಗುಳಿ ಮಣೆ. ಮಣೆ ತುಂಬ ಗುಳಿ, ಗುಳಿ ತುಂಬ ಹುಣಸೆಬೀಜ. ದಿನಾ ಮಧ್ಯಾಹ್ನ ಆಟ. ನಿಂಗಿ ಸೋಲುವಳು. ಅಜ್ಜಿ ನಗುವಳು.

ಒಂದು ದಿನ ನೋಡಿದರೆ ಮೂಲೆಯ ಗುಳಿಯನ್ನು ಗೆದ್ದಲು ತಿಂದುಬಿಟ್ಟಿತ್ತು! ಹಾಳು ಗೆದ್ದಲಿಗೆ ತಿನ್ನಲು ಬೇರೇನೂ ಸಿಗಲಿಲ್ಲವೇ? ಗುಳಿ ಇಲ್ಲ, ಆಟ ಇಲ್ಲ. ಅಜ್ಜಿ ಬೀಜಗಳನ್ನು ಡಬ್ಬಿಗೆ ತುಂಬಿ ಮುಚ್ಚಳ ಹಾಕಿದಳು. ನಗು ಇಲ್ಲ. ನಿಂಗಿಗೆ ಅಳು ಬಂತು.

ಮಣೆ ಹೊತ್ತು ನಿಂಗಿ ಪಕ್ಕದ ಮನೆಗೆ ಓಡಿದಳು. ಅಲ್ಲಿ ಶಾವಕ್ಕ ಒಂದು ಯಂತ್ರ ಕಟ್ಟುತ್ತಿದ್ದಳು. ಕಂಪ್ಯೂಟರ್ ಹೇಳಿದ ಹಾಗೆ ಮರ ಕೆತ್ತುವ ಯಂತ್ರ. ಅಂಗಡಿಯದ್ದು ಭಾರೀ ದುಬಾರಿ. ಅದಕ್ಕೇ ಹಳೇ ಮೇಜು, ಹಳೇ ಮಿಕ್ಸಿಯ ಮೋಟಾರು, ಹಳೇ ಡ್ರಾಯರಿನ ಹಲಗೆ ಕೂಡಿಸಿ ಕಟ್ಟುತ್ತಿದ್ದಳು.

“ಶಾವಕ್ಕ, ಶಾವಕ್ಕ, ಗುಳಿ ಕೆತ್ತು. ಗುಳಿ ಅಜ್ಜಿಗ, ಅಜ್ಜಿ ನಗು ನನಗ.”

“ಹೊಸ ಮರ ಅಂಟಸ್ತೀನಿ. ಆದ್ರ ಕೆತ್ತೂದು ಹ್ಯಾಂಗ? ಯಂತ್ರ ಅತ್ತಿತ್ತ ಜಾರಾಕ ಸರಳಿಲ್ಲ. ಈರಣ್ಣನ್ನ ಕೇಳು.”

ಈರಣ್ಣನದು ಝೆರಾಕ್ಸ್ ಅಂಗಡಿ. ಅಟ್ಟದ ಮೇಲೆ ಕೆಟ್ಟ ಪ್ರಿಂಟರು. ಅದರ ಹೊಟ್ಟೆಯೊಳಗೆ ನುಣ್ಣನೆ ಸರಳು.

“ಈರಣ್ಣ, ಈರಣ್ಣ, ಸರಳು ಕೊಡು. ಸರಳು ಶಾವಕ್ಕಗ, ಗುಳಿ ಅಜ್ಜಿಗ, ಅಜ್ಜಿ ನಗು ನನಗ.”

“ಕೊಡಾಂಗಿಲ್ಲ ಹೋಗು! ಕತ್ತರಿ ಮೊಂಡಾಗೈತಿ, ಫೋಟೋ ಕತ್ತರಿಸಾಕ ಬರವಲ್ದು. ಖಾದರಸಾಬಗ ಹೇಳು, ಸಾಣೆ ಹಿಡೀಲಿ.”

ಖಾದರಸಾಬ ಓಣಿಯ ತುದಿಯಲ್ಲಿ ಸಾಣೆ ಚಕ್ರ ಇಟ್ಟುಕೊಂಡು ಕೂತಿದ್ದ. ಚಕ್ರ ತಿರುಗುತ್ತಿರಲಿಲ್ಲ.

“ಖಾದರಸಾಬ, ಖಾದರಸಾಬ, ಕತ್ತರಿಗೆ ಸಾಣೆ ಹಿಡಿ. ಕತ್ತರಿ ಈರಣ್ಣಗ, ಸರಳು ಶಾವಕ್ಕಗ, ಗುಳಿ ಅಜ್ಜಿಗ, ಅಜ್ಜಿ ನಗು ನನಗ.”

“ಆಗೂದಿಲ್ಲ ಮಗಳ. ಚಕ್ರದ ತೊಗಲ ಪಟ್ಟಿ ಹರದೈತಿ. ದುರ್ಗವ್ವ ಹೊಲಿದ್ರ ಚಕ್ರ ತಿರಗತೈತಿ.”

ದುರ್ಗವ್ವ ಬೇವಿನ ಮರದಡಿ ಚಪ್ಪಲಿ ಹೊಲಿಯುವವಳು. ತೊಡೆಯ ಮೇಲೆ ಕೂಸು. ಕೂಸಿನ ಬಾಯಲ್ಲಿ ಒಂದೇ ರಾಗ.

“ದುರ್ಗವ್ವ, ದುರ್ಗವ್ವ, ಪಟ್ಟಿ ಹೊಲಿ. ಪಟ್ಟಿ ಖಾದರಸಾಬಗ, ಕತ್ತರಿ ಈರಣ್ಣಗ, ಸರಳು ಶಾವಕ್ಕಗ, ಗುಳಿ ಅಜ್ಜಿಗ, ಅಜ್ಜಿ ನಗು ನನಗ.”

“ಹೊಲಿಯಾಕ ಕೈ ಎಲ್ಲೈತವ್ವ? ಮುಂಜಾನಿಂದ ಕೂಸು ಅಳಾಕ ಹತ್ತೈತಿ. ಅದನ್ನ ಕೇಳು.”

ನಿಂಗಿ ಕೂಸನ್ನೂ ಕೇಳಿದಳು. “ಕೂಸೇ, ಕೂಸೇ, ಸುಮ್ಮನಾಗು.”

“ಅಂಯ್ಯಾ!” ಅಂದಿತು ಕೂಸು.

ನಿಂಗಿ ಬೇವಿನ ಬುಡದಲ್ಲಿ ಕೂತುಬಿಟ್ಟಳು. ಓಣಿಯೆಲ್ಲ ಕೇಳಿಯಾಯಿತು. ಇನ್ನು ಯಾರನ್ನು ಕೇಳುವುದು? ಕೂತು ಕೂತು ಯೋಚಿಸಿದಳು. ಯಾರಿಗಾಗಿ ಇಷ್ಟು ಅಲೆದಳೋ, ಅವಳೊಬ್ಬಳನ್ನೇ ಕೇಳಿರಲಿಲ್ಲ.

ದುರ್ಗವ್ವನಿಗೆ ಹೇಳಿ, ಕೂಸನ್ನು ಕಂಕುಳಲ್ಲಿ ಎತ್ತಿಕೊಂಡು ಮನೆಗೆ ನಡೆದಳು.

“ಅಜ್ಜಿ, ಅಜ್ಜಿ, ಕೂಸನ್ನ ನಗಿಸು. ಕೂಸು ದುರ್ಗವ್ವಗ, ಪಟ್ಟಿ ಖಾದರಸಾಬಗ, ಕತ್ತರಿ ಈರಣ್ಣಗ, ಸರಳು ಶಾವಕ್ಕಗ, ಗುಳಿ ನಿನಗ, ನಿನ್ನ ನಗು ನನಗ.”

“ನನ್ನ ಹತ್ರ ಏನೈತಿ ನನ್ನವ್ವ? ಬರೇ ಬೀಜದ ಡಬ್ಬಿ.”

“ಅದ ಸಾಕಜ್ಜಿ.”

ಅಜ್ಜಿ ಕೂಸನ್ನು ಮಡಿಲಿಗೆ ತೆಗೆದುಕೊಂಡಳು. ಡಬ್ಬಿ ಅಲ್ಲಾಡಿಸಿದಳು. ಝಲ್! ಝಲ್! ಝಲ್! ಕೂಸು ಅಳು ಮರೆಯಿತು. ಕಿಲಕಿಲ ನಕ್ಕಿತು.

ಕೂಸು ನಕ್ಕಿತು, ದುರ್ಗವ್ವ ಪಟ್ಟಿ ಹೊಲಿದಳು. ಪಟ್ಟಿ ಬಂತು, ಖಾದರಸಾಬ ಕತ್ತರಿಗೆ ಸಾಣೆ ಹಿಡಿದ. ಕತ್ತರಿ ಬಂತು, ಈರಣ್ಣ ಸರಳು ಕೊಟ್ಟ. ಸರಳು ಬಂತು, ಶಾವಕ್ಕನ ಯಂತ್ರ ಗುರ್ರ್ ಎಂದು ಜಾರಿತು. ಅತ್ತ ಜಾರಿತು, ಇತ್ತ ಜಾರಿತು, ಗುಳಿ ಕೆತ್ತಿತು.

ಅಜ್ಜಿ ಮಣೆಯ ಮೇಲೆ ಬೆರಳಾಡಿಸಿದಳು. ಗುಳಿ, ಗುಳಿ, ಗುಳಿ. ಮೂಲೆಯಲ್ಲಿ ಬೆರಳು ನಿಂತಿತು.

“ಇದೊಂದು ಚೂರು ಸೊಟ್ಟ ಐತಲ್ಲ?”

ಶಾವಕ್ಕ ನಾಲಿಗೆ ಕಚ್ಚಿಕೊಂಡಳು. “ಮನಿಯಾಗ ಕಟ್ಟಿದ ಯಂತ್ರ ಅಜ್ಜಿ. ಮತ್ತೊಮ್ಮಿ ಕೆತ್ತಲೇನು?”

“ಬ್ಯಾಡ, ಬ್ಯಾಡ. ಇದನ್ನ ಮುಟ್ಟಿದ್ರ ಓಣಿ ಮಂದಿನೆಲ್ಲ ಮುಟ್ಟಿದಂಗಾತು.”

ಅಜ್ಜಿ ಡಬ್ಬಿ ಸುರಿದಳು. ಗುಳಿ ತುಂಬ ಬೀಜ ಹಾಕಿದಳು. ಆಟ ಶುರುವಾಯಿತು. ನಿಂಗಿ ಸೋತಳು.

ಗುಳಿ ಅಜ್ಜಿಗೆ ಬಂತು. ಅಜ್ಜಿ ನಗು ನಿಂಗಿಗೆ ಬಂತು.