ನಿಂಬವ್ವ ತಾಯಿಯವರು ಹಂಡನ ಮುಖ ಹೊತ್ತದ್ದು

ಪೂಜ್ಯ ನಿಂಬವ್ವ ತಾಯಿಯವರಿಗೆ ಮಠವಿರಲಿಲ್ಲ, ಪೀಠವಿರಲಿಲ್ಲ, ಕಾಲಿಗೆ ಪಾದುಕೆಯೂ ಇರಲಿಲ್ಲ. ಮುತ್ತಲದಿನ್ನಿಯ ಹಾಳುಬಿದ್ದ ಕೊಂಡವಾಡವೇ ಅವರ ಸನ್ನಿಧಿಯಾಗಿತ್ತು. ಹಿಂದೆ ಬೆಳೆ ಮೇಯ್ದ ತುಡುಗು ದನಗಳನ್ನು ಹಿಡಿದು ತಂದು ಕೂಡಿಹಾಕುತ್ತಿದ್ದ ಕಲ್ಲಿನ ಆವರಣ ಅದು. ಮಾಡು ಕುಸಿದು, ನಾಲ್ಕು ಗೋಡೆ ಮತ್ತು ಒಂದು ಬೇವಿನ ಮರ ಉಳಿದಿದ್ದವು. ತಮಗೆ ಬೇಡವಾದ ದನಗಳನ್ನು ಜನ ಅಲ್ಲಿ ಬಿಟ್ಟುಹೋಗುತ್ತಿದ್ದರು. ತಾಯಿಯವರು ಅವುಗಳ ನಡುವೆ ಗೋಣಿತಟ್ಟಿನ ಮೇಲೆ ಕುಳಿತಿರುತ್ತಿದ್ದರು. ಉಪದೇಶ ಮಾಡುತ್ತಿರಲಿಲ್ಲ, ನೋಡುತ್ತಿದ್ದರು. ಒಂದು ಎಮ್ಮೆಯ ಎದುರು ಕುಳಿತರೆ ಬಿಸಿಲು ನೆತ್ತಿ ದಾಟುವವರೆಗೂ ಅದರ ಮುಖವನ್ನೇ ನೋಡುತ್ತಿದ್ದರು. ಆಮೇಲೆ ಎದ್ದು, ಅದಕ್ಕೆ ಎಲ್ಲಿ ನೋವೋ ಅಲ್ಲಿಗೇ ಕೈ ಒಯ್ಯುತ್ತಿದ್ದರು.

ಈ ಪುಣ್ಯಪ್ರಸಂಗವನ್ನು ಹೇಳಬೇಕಾದವನು ನಾನಾಗಿರುವುದೊಂದು ತೊಡಕು. ಬದುಕಿದ್ದ ಮನುಷ್ಯನ ತಿಥಿಗೆ ಇಡೀ ಓಣಿಯನ್ನು ಊಟಕ್ಕೆ ಕರೆದು, ಆ ಮನುಷ್ಯನ ಪಕ್ಕದಲ್ಲೇ ಎಲೆ ಹಾಕಿಸಿಕೊಂಡು ಕುಳಿತವನು ನಾನು. ಆದ್ದರಿಂದ ನಾನು ಸೇರಿಸಿದ್ದನ್ನು ಅಲ್ಲಲ್ಲೇ ಒಪ್ಪಿಕೊಳ್ಳುತ್ತ ಹೋಗುತ್ತೇನೆ. ಒಪ್ಪಿಕೊಳ್ಳದ ಕಡೆ ದಯವಿಟ್ಟು ನಂಬಬೇಕು.

ನನ್ನ ಗೆಳೆಯ ಯಮನೂರಪ್ಪ ಬರೆ ಹಾಕುವವನು. ಕುಂಟುವ ದನಕ್ಕೆ ಕೆಂಪಗೆ ಕಾಯಿಸಿದ ಸರಳಿನಿಂದ ಗೆರೆ ಎಳೆಯುವುದು ನಮ್ಮ ಕಡೆಯ ಹಳೆಯ ಮದ್ದು. ಯಮನೂರಪ್ಪನ ಬರೆ ಹಕ್ಕಿಯ ಕಾಲಿನಂತೆ, ಮೂರು ಗೆರೆ. ಬರೆ ಬಿದ್ದ ಮೂರನೆಯ ದಿನ ದನ ಒದರುವುದನ್ನು ನಿಲ್ಲಿಸಿದರೆ ‘ಬರೆ ಹಿಡೀತು’ ಎಂದು ಊರು ತಲೆದೂಗುತ್ತಿತ್ತು. ಸುಮ್ಮನಾದರೆ ಗುಣವಾಯಿತು, ಅದಕ್ಕಿಂತ ಬೇರೆ ಪರೀಕ್ಷೆ ನಮಗೆ ತಿಳಿದಿರಲಿಲ್ಲ. ಹೆಂಡತಿ ತುಂಗವ್ವನಿಗೆ ಹೊಟ್ಟೆನೋವು ಬಂದಾಗಲೂ ಅವನು ಹೊಕ್ಕುಳ ಸುತ್ತ ಅದೇ ಹಕ್ಕಿಕಾಲು ಎಳೆದಿದ್ದ. ಮೂರನೆಯ ದಿನ ಆಕೆ ನರಳುವುದನ್ನು ನಿಲ್ಲಿಸಿದಳು. ಇವನು ಹನುಮಪ್ಪನ ಗುಡಿಯಲ್ಲಿ ಸಕ್ಕರೆ ಹಂಚಿದ. ಮರುದಿನ ಬೆಳಿಗ್ಗೆ ತುಂಗವ್ವ ತೀರಿಕೊಂಡಳು. “ಬರೆ ಹಿಡದಿತ್ತು, ಆದರ ಆಯುಷ್ಯ ಮುಗದಿತ್ತು,” ಎಂದು ಅವನು ಹೇಳುತ್ತಿದ್ದ. ನಾವೂ ಹಾಗೆಯೇ ಹೇಳುತ್ತಿದ್ದೆವು.

ತುಂಗವ್ವ ಹೋಗುವ ಮೊದಲು ಬೆರಳು ಚೀಪಿಸಿ ಬೆಳೆಸಿದ ಕರುವೊಂದಿತ್ತು. ಅದು ಬೆಳೆದು ಹಂಡ ಎಂಬ ಎತ್ತಾಯಿತು. ಆ ಮನೆಯಲ್ಲಿ ಉಳಿದವರು ಯಮನೂರಪ್ಪ, ಹಂಡ ಇಬ್ಬರೇ. ಆ ವರ್ಷ ಕಾರಹುಣ್ಣಿಮೆಗೆ ಹಂಡನನ್ನು ಓಡಿಸುವುದೆಂದು ನಿಶ್ಚಯವಾಗಿತ್ತು. ಅಂದು ಊರ ಅಗಸೆಬಾಗಿಲಿಗೆ ಬೇವಿನ ಸೊಪ್ಪಿನ ಹಗ್ಗ ಕಟ್ಟಿ ಎತ್ತುಗಳನ್ನು ಬಿಡುತ್ತಾರೆ. ಮೊದಲು ಹರಿದ ಎತ್ತು ವರ್ಷವಿಡೀ ಊರಿನ ಅರಸ. ಹಬ್ಬಕ್ಕೆ ಐದು ದಿನವಿರುವಾಗ ಹಂಡ ಮುಂಗಾಲು ಕುಂಟಿದ. ಯಮನೂರಪ್ಪ ಬಲಭುಜಕ್ಕೆ ಬರೆ ಎಳೆದ. ಮೂರನೆಯ ದಿನ ಹಂಡ ಸುಮ್ಮನಾದ, ನಾಲ್ಕೂ ಕಾಲು ನೆಲಕ್ಕೆ ಇಟ್ಟು ನಿಂತ. ಹೆಜ್ಜೆ ಮಾತ್ರ ಸ್ವಲ್ಪ ಸಣ್ಣದಾಗಿತ್ತು. ನಾವು ಅದನ್ನು ಗತ್ತು ಎಂದುಕೊಂಡೆವು.

ಹಬ್ಬದ ಹಿಂದಿನ ದಿನ ಯಮನೂರಪ್ಪ ಹಂಡನ ಕೊಂಬಿಗೆ ಬಣ್ಣ ಬಳಿಯುತ್ತ ಗೊಣಗಿದ. “ಮಂದಿ ಈಗ ಕುಂಟ ದನಾ ಹೊಡಕೊಂಡು ಆ ಮುದುಕಿ ಹಂತ್ಯಾಕ ಹೊಂಟಾರ. ಆಕಿ ದನದ ಮುಖಾ ಓದತಾಳಂತ. ದನಕ್ಕ ಮುಖ ಎಲ್ಲಿಂದ ಬಂತಲೇ? ಇರೂದು ಮೂತಿ!”

“ಪರೀಕ್ಷಾ ಮಾಡೇಬಿಡೂಣು,” ಎಂದೆ. ಇಂಥ ಸಲಹೆಗಳು ಯಾವಾಗಲೂ ನನ್ನ ಬಾಯಿಂದಲೇ ಬರುತ್ತವೆ.

ನನ್ನ ಎತ್ತು ಕೆಂಚ ಕಲ್ಲು ತಿಂದು ಅರಗಿಸುವಂಥದ್ದು. ಅದರ ಕಾಲಿಗೆ ಅರಿಶಿನ ಮೆತ್ತಿ, ಹಳೆಯ ಧೋತರದ ಚಿಂದಿ ಸುತ್ತಿದೆ. ಹಂಡನಿಗೆ ಜೂಲು ಹೊದಿಸಿ, ಕೊರಳಿಗೆ ಗೆಜ್ಜೆ ಕಟ್ಟಿದೆವು. ಜೂಲಿನ ಅಡಿಯಲ್ಲಿ ಬರೆ ಮುಚ್ಚಿಹೋಯಿತು. ಮಟಮಟ ಮಧ್ಯಾಹ್ನ ಎರಡನ್ನೂ ಕೊಂಡವಾಡಕ್ಕೆ ಹೊಡೆದುಕೊಂಡು ಹೋದೆವು. ತಾಯಿಯವರು ಬೇವಿನ ನೆರಳಿನಲ್ಲಿ ಕುಳಿತಿದ್ದರು.

ನಾನು ಅಡ್ಡಬಿದ್ದು, ಅಳುಮುಖ ಮಾಡಿ ಕೇಳಿದೆ: “ಯವ್ವಾ, ಎರಡು ಎತ್ತು ತಂದೇವಿ. ಯಾವುದಕ್ಕ ಬ್ಯಾನಿ ಐತಿ, ತಾಯಿ ಹೇಳಬೇಕು.”

ತಾಯಿಯವರು ಕೆಂಚನ ಕಡೆ ಒಮ್ಮೆ ನೋಡಿದರು. “ಆ ಚಿಂದಿ ಬಿಚ್ಚೋ ಯಪ್ಪಾ. ಅದಕ್ಕ ಕಚಗುಳಿ ಆಗಾಕ ಹತ್ತೈತಿ,” ಎಂದರು.

ಯಮನೂರಪ್ಪ ಹೊಟ್ಟೆ ಹಿಡಿದು ನಕ್ಕ. “ಹಂಗಾರ ನನ್ನ ಹಂಡ ಗುಂಡಿನಂಗ ಅದಾನಂತಾತು! ನಾಳೆ ಓಡಸ್ಲ್ಯಾ?”

ತಾಯಿಯವರು ಎದ್ದು ಬಂದು ಹಂಡನ ಎದುರು ಎರಡೂ ಅಂಗೈ ನೆಲಕ್ಕೆ ಊರಿ ಕುಳಿತರು. ಕತ್ತೆತ್ತಿ ನೋಡತೊಡಗಿದರು.

ಮೊದಲು ನಿಂತದ್ದು ಗೆಜ್ಜೆಯ ಸದ್ದು. ಬಳಿಕ ಆವರಣದ ದನಗಳ ಮೆಲುಕು ನಿಂತಿತು. ಎಂಟು ಹತ್ತು ದನಗಳು, ಬಾಯಿಗೆ ಬಂದ ಮೇವನ್ನು ಹಾಗೇ ಹಿಡಿದುಕೊಂಡು, ಒಂದೊಂದಾಗಿ ನಮ್ಮ ಕಡೆ ತಿರುಗಿದವು. ಬೇವಿನ ಮರದ ಕಾಗೆಗಳು ಒಟ್ಟಿಗೇ ಹಾರಿಹೋದವು. ಕಾಗೆಗಳನ್ನು ನಾನು ಸೇರಿಸಿದೆ. ಅಲ್ಲಿ ಕಾಗೆಗಳೇ ಇರಲಿಲ್ಲ, ಒಂದು ಎಲೆ ಕೂಡ ಅಲ್ಲಾಡುತ್ತಿರಲಿಲ್ಲ. ಅದಕ್ಕೇ ನನಗೆ ಹೆಚ್ಚು ಹೆದರಿಕೆಯಾದದ್ದು.

ತಾಯಿಯವರ ಉಸಿರು ಹಂಡನ ಉಸಿರಿನ ಜೊತೆ ಏರಿಳಿಯತೊಡಗಿತು. ಆಮೇಲೆ ಅವರ ಮುಖ ಬದಲಾಯಿತು. ಕಣ್ಣು ಅರ್ಧ ಮುಚ್ಚಿತು, ಆದರೆ ಅದು ನಿದ್ದೆಯಲ್ಲ. ಹುಬ್ಬಿನ ಮೇಲಿನ ಚರ್ಮ ಒಳಕ್ಕೆ ಎಳೆದುಕೊಂಡು ಒಂದು ಗೆರೆ ಮೂಡಿತು. ದವಡೆಯಲ್ಲಿ ಅಡಿಕೆಯಂಥ ಗಂಟು ಎದ್ದಿತು. ಮೂಗಿನ ಹೊಳ್ಳೆಗಳು ಅಗಲವಾಗಿ ಹಾಗೇ ನಿಂತವು. ಅವರ ಕಿವಿಗಳು ಹಿಂದಕ್ಕೆ ಸರಿದವು ಎಂದರೆ ನೀವು ನಂಬುವುದಿಲ್ಲ. ಸರಿಯಲಿಲ್ಲ ಎಂದೇ ಇಟ್ಟುಕೊಳ್ಳಿ. ತಲೆಯ ಮೇಲಿನ ಸೆರಗಂತೂ, ಗಾಳಿಯಿಲ್ಲದೆ, ಹಿಂದಕ್ಕೆ ಜಾರಿತು.

ನಾನು ಹಂಡನ ಮುಖ ನೋಡಿದೆ. ಅದೇ ಕಣ್ಣು, ಅದೇ ಗೆರೆ, ಅದೇ ದವಡೆ. ಎರಡು ದಿನದಿಂದ ಆ ಮುಖ ನಮ್ಮೆದುರಿಗೇ ಇತ್ತು, ಅದರ ಕೊಂಬಿಗೆ ನಾವು ಬಣ್ಣ ಬಳಿದಿದ್ದೆವು. ಎತ್ತಿನ ಮೇಲೆ ಇದ್ದಾಗ ನಮಗೆ ಕಾಣದ ಆ ಮುಖ ಮನುಷ್ಯರ ಮೇಲೆ ಬಂದು ಕುಳಿತಾಗ ನಾನು ಎರಡು ಹೆಜ್ಜೆ ಹಿಂದೆ ಸರಿದೆ.

ಯಮನೂರಪ್ಪನ ನಗು ಎಲ್ಲಿ ನಿಂತಿತೋ ನನಗೆ ತಿಳಿಯಲಿಲ್ಲ. ಅವನು ಹಂಡನನ್ನು ನೋಡುತ್ತಿರಲಿಲ್ಲ, ತಾಯಿಯವರನ್ನೇ ನೋಡುತ್ತಿದ್ದ. ಗಂಟಲೊಳಗೇ “ತುಂಗೀ...” ಎಂದ. ಆಕೆ ಸುಮ್ಮನಾದ ಆ ದಿನ, ಅವನು ಸಕ್ಕರೆ ಹಂಚಿ ಮನೆಗೆ ಬಂದಾಗ, ಚಾಪೆಯ ಮೇಲಿಂದ ಅವನನ್ನು ನೋಡಿದ್ದು ಇದೇ ಮುಖವಂತೆ. ಆಮೇಲೆ ಅವನೇ ನನಗೆ ಹೇಳಿದ.

ತಾಯಿಯವರ ತುಟಿ ಅಲುಗಿತು. ದನಿ ಅವರದೇ. ಬಾಯಿ ಮಾತ್ರ ಮೆಲುಕು ಹಾಕುವ ದನದಂತೆ ಪಕ್ಕಕ್ಕೆ ಆಡಿತು.

“ಸುಮ್ಮನಾಗೂದು ಗುಣ ಅಲ್ಲೋ ಯಪ್ಪಾ. ಹೇಳಿ ಹೇಳಿ ದಣದಿರೂದು.”

ಅಷ್ಟು ಹೇಳಿ, ನೆಲಕ್ಕೆ ಊರಿದ್ದ ಬಲ ಅಂಗೈಯನ್ನು ಎಳ್ಳಿನಷ್ಟು ಮೇಲೆತ್ತಿದರು. ಬೆರಳ ತುದಿ ಮಣ್ಣಿಗೆ ತಾಗಿತ್ತು, ಭಾರವೆಲ್ಲ ಎಡಗೈ ಮೇಲೆ. ಯಮನೂರಪ್ಪ ಹಂಡನ ಬಲಗಾಲು ನೋಡಿದ. ಅದೂ ಹಾಗೆಯೇ ಇತ್ತು. ಊರಿದಂತೆ ಕಾಣುತ್ತಿದ್ದ ಗೊರಸಿನ ತುದಿಯಷ್ಟೇ ನೆಲಕ್ಕೆ ತಾಗಿತ್ತು. ಅವನು ಮೊಣಕಾಲೂರಿ ಕಾಲನ್ನು ತೊಡೆಯ ಮೇಲೆ ಎತ್ತಿಕೊಂಡ. ಗೊರಸಿನ ಸೀಳಿನೊಳಗೆ, ಕೀವಿನ ನಡುವೆ, ಜಾಲಿಮುಳ್ಳಿನ ಕಪ್ಪು ಬುಡ ಕಾಣಿಸಿತು. ನೋವು ಗೊರಸಿನಲ್ಲಿತ್ತು; ಇವನು ಸುಟ್ಟದ್ದು ಭುಜವನ್ನು. ಚಿಮಟ ತರಲು ಮನೆಗೆ ಓಡುವಷ್ಟು ತಾಳ್ಮೆ ಅವನಿಗಿರಲಿಲ್ಲ. ಬಾಯಿ ಹಾಕಿ ಹಲ್ಲಿನಿಂದ ಕಚ್ಚಿ ಎಳೆದ. ಬೇರೆ ಕಡೆ ಹೇಳುವಾಗ ಮುಳ್ಳು ಗೇಣುದ್ದವಿತ್ತು ಎಂದಿದ್ದೇನೆ. ಇದ್ದದ್ದು ಬೆರಳುದ್ದ. ಬೆರಳುದ್ದವೇ ಸಾಕು.

ಮೂವರೂ ಕಾದೆವು. ಮೊದಲು ಹಂಡನ ಒಂದು ಕಿವಿ ಮುಂದಕ್ಕೆ ಬಂತು. ಆಮೇಲೆ ಕಣ್ಣಿನ ಮೇಲಿನ ಗೆರೆ ಸಡಿಲಿತು. ಅಲ್ಲಿ ಒಂದು ಸಡಿಲಿದಂತೆ ಇಲ್ಲಿ ತಾಯಿಯವರ ಮುಖದಲ್ಲೂ ಒಂದು ಸಡಿಲಿತು. ಬಹಳ ಹೊತ್ತಿನ ಮೇಲೆ ಹಂಡನ ಗಂಟಲಲ್ಲಿ ಒಂದು ಉಂಡೆ ಮೇಲೇರಿತು. ಅವನು ಮೆಲುಕು ಹಾಕಿದ. ಅದನ್ನೇ ಕಾಯುತ್ತಿದ್ದವೇನೋ ಎಂಬಂತೆ ಆವರಣದ ದನಗಳೆಲ್ಲ ಮತ್ತೆ ಬಾಯಾಡಿಸಿದವು.

ಯಮನೂರಪ್ಪ ಕೀವು ಮೆತ್ತಿದ ಬಾಯಲ್ಲೇ ಕೇಳಿದ: “ಯವ್ವಾ, ಆಕಿಗೂ ಹಿಂಗಽ ಇತ್ತೇನು?”

“ಕಂಡಿತ್ತು ನಿನಗ. ನೋಡಲಿಲ್ಲ,” ಎಂದರು ತಾಯಿಯವರು. ಸೆರಗು ಮೇಲೆಳೆದುಕೊಂಡು, ಇನ್ನೂ ಮೆಲ್ಲಗೆ, “ಇನ್ನ ಮ್ಯಾಲ ನೋಡು,” ಎಂದರು.

ಮರುದಿನ ಕಾರಹುಣ್ಣಿಮೆಗೆ ಬೇರೆ ಯಾರದೋ ಎತ್ತು ಊರಿನ ಅರಸನಾಯಿತು. ಯಮನೂರಪ್ಪ ಅಗಸೆಯ ಕಡೆ ಸುಳಿಯಲೇ ಇಲ್ಲ. ಕೊಂಡವಾಡದಲ್ಲಿ ಹಂಡನ ಗೊರಸಿಗೆ ಬೇವಿನೆಣ್ಣೆ ಹಚ್ಚುತ್ತಿದ್ದ. ಬರೆಯ ಸರಳು ಬಾಗಿ ಆ ಬಾಗಿಲಿನ ಅಗುಳಿಯಾಯಿತು. ಇವತ್ತಿಗೂ ಅದೇ ಇದೆ. ತಾಯಿಯವರು ಲಿಂಗೈಕ್ಯರಾಗುವವರೆಗೆ ಹನ್ನೊಂದು ವರ್ಷ ಅವನು ದಿನಾ ಒಂದು ದನದ ಎದುರು ಕುಳಿತು ನೋಡಿದ. ಈಗ ಗೋಣಿತಟ್ಟಿನ ಮೇಲೆ ಅವನೇ ಕೂರುತ್ತಾನೆ.

ಹೋದ ಯುಗಾದಿಯ ಬಳಿಕ ಅವನನ್ನು ನೋಡಲು ಹೋಗಿದ್ದೆ. ನನ್ನ ಎದೆಯಲ್ಲಿ ನಾಲ್ಕು ದಿನದಿಂದ ಏನೋ ಹಿಡಿದಂತಿತ್ತು, ಯಾರಿಗೂ ಹೇಳಿರಲಿಲ್ಲ. ಜೀವಂತ ಮನುಷ್ಯನ ತಿಥಿಯ ಕಥೆಯನ್ನು ಹೊಸದಾಗಿ ಉಪ್ಪುಕಾರ ಹಚ್ಚಿ ಹೇಳಿದೆ. ಯಮನೂರಪ್ಪ ನಗಲಿಲ್ಲ. ಎದ್ದು ಬಂದು ನನ್ನೆದುರು ಅಂಗೈ ಊರಿ ಕುಳಿತ. ನೋಡನೋಡುತ್ತ ಅವನ ಕಣ್ಣು ಅರ್ಧ ಮುಚ್ಚಿತು. ಹುಬ್ಬಿನ ಮೇಲೆ ಗೆರೆ ಮೂಡಿತು. ಅವನ ಎಡಗೈ ತಾನಾಗಿ ಎದ್ದು ಎದೆಯ ನಡುವೆ ಬಂದು ನಿಂತಿತು. ನನ್ನ ಬಾಯಲ್ಲಿ ಕಥೆ ಅರ್ಧಕ್ಕೇ ನಿಂತಿತು, ಏಕೆಂದರೆ ಅದು ನನ್ನ ಮುಖ.

“ಎಷ್ಟು ದಿನಾ ಆತಲೇ?” ಎಂದ.

ಅವನೇ ನನ್ನನ್ನು ಬಾಗಲಕೋಟೆಯ ದವಾಖಾನೆಗೆ ಕರೆದುಕೊಂಡು ಹೋದ. ಇನ್ನೊಂದು ದಿನ ತಡೆದಿದ್ದರೆ ನಿಜವಾಗಿಯೂ ನನ್ನ ತಿಥಿಯಾಗುತ್ತಿತ್ತು ಎಂಬುದು ಡಾಕ್ಟರ ಮಾತು, ನಾನು ಸೇರಿಸಿದ್ದಲ್ಲ.

ಈಗಲೂ ಸೋಮವಾರ ಕೊಂಡವಾಡಕ್ಕೆ ಹೋಗುತ್ತೇನೆ. ತಾಯಿಯವರ ಗದ್ದುಗೆಗೆ ಕೈಮುಗಿದು, ಅಭ್ಯಾಸಬಲದಿಂದ ಏನಾದರೊಂದು ಸುಳ್ಳುಕಥೆ ಶುರುಮಾಡುತ್ತೇನೆ. ದನಗಳು ಮೆಲುಕು ಹಾಕುತ್ತ ಕೇಳುತ್ತವೆ. ಕೆಲವೊಮ್ಮೆ, ನಾನು ಜೋರಾಗಿ ನಗುವ ಹೊತ್ತಿಗೆ, ಅವೆಲ್ಲ ಒಟ್ಟಿಗೇ ಮೆಲುಕು ನಿಲ್ಲಿಸಿ ನನ್ನ ಮುಖ ನೋಡುತ್ತವೆ. ಆಗ ನಾನು ಕಥೆ ಬಿಟ್ಟು, ಎಲ್ಲಿ ನೋಯುತ್ತಿದೆ ಎಂದು ನಿಜ ಹೇಳಿಬಿಡುತ್ತೇನೆ.